‘ವ್ರೆಚ್ಚ’: ಬಹಿಷ್ಕೃತನನ್ನು ಹೆಸರಿಸಿದ ಪದವೊಂದರ ಅರ್ಥಪಲ್ಲಟ

ಸಮುದಾಯವೊಂದು ತಾನು ಹೊರದೂಡಿದವರನ್ನು ಯಾವ ಹೆಸರಿನಿಂದ ಕರೆಯುತ್ತದೆ ಎಂಬುದು ಜಾನಪದ ಅಧ್ಯಯನದ ದೃಷ್ಟಿಯಿಂದ ಮಹತ್ವದ ಪ್ರಶ್ನೆ. ಪ್ರಾಚೀನ ಇಂಗ್ಲಿಷಿನ ‘ವ್ರೆಚ್ಚ’ ಎಂಬ ಪದ ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ. ‘ಹೊರಗಟ್ಟು, ದಂಡಿಸು, ಸೇಡು ತೀರಿಸು’ ಎಂಬ ಅರ್ಥಗಳುಳ್ಳ ‘ವ್ರೆಕನ್’ ಧಾತುವಿಗೆ ಸಂಬಂಧಿಸಿದ ಈ ನಾಮಪದದ ಮೂಲಾರ್ಥ ‘ಹೊರಗಟ್ಟಲ್ಪಟ್ಟವನು’. ಇಂದಿನ ಇಂಗ್ಲಿಷಿನಲ್ಲಿ ಇದು ‘ರೆಚ್’ ಎಂದಾಗಿದ್ದು, ‘ದೀನ’ ಮತ್ತು ‘ನೀಚ’ ಎಂಬ ಎರಡು ಅರ್ಥಗಳನ್ನು ಹೊಂದಿದೆ. ಇದರ ಜ್ಞಾತಿಪದವಾದ ಜರ್ಮನ್ ಭಾಷೆಯ ‘ರೆಕೆ’ಗೆ ಮಾತ್ರ ‘ವೀರ’ ಎಂಬ ಅರ್ಥ. ಕ್ರಿ.ಶ. 1200ರ ಸುಮಾರಿನ ‘ನಿಬೆಲುಂಗೆನ್‌ಲೀಡ್’ ಮಹಾಕಾವ್ಯದ ಯೋಧರು ಈ ಹೆಸರಿನಿಂದಲೇ ಕರೆಯಲ್ಪಡುತ್ತಾರೆ.

ಒಂದೇ ಮೂಲದಿಂದ ಬಂದ ಪದ ಒಂದೆಡೆ ಹೀನಾರ್ಥವನ್ನೂ ಇನ್ನೊಂದೆಡೆ ಉತ್ತಮಾರ್ಥವನ್ನೂ ಪಡೆಯಿತೆಂದು ವರ್ಗೀಕರಿಸಿ ಸುಮ್ಮನಾಗುವುದು ಸುಲಭ. ಆದರೆ ಈ ವರ್ಗೀಕರಣವು ಬದಲಾವಣೆಯನ್ನು ಗುರುತಿಸುತ್ತದೆಯೇ ಹೊರತು ವಿವರಿಸುವುದಿಲ್ಲ. ಏಕೆಂದರೆ ಈ ಕವಲು ಹಳೆಯ ಇಂಗ್ಲಿಷ್ ಕಾವ್ಯದ ಒಳಗೇ ಇದೆ.

‘ಬೇವುಲ್ಫ್’ ಕಾವ್ಯದಲ್ಲಿ ಡ್ರ್ಯಾಗನ್ ಕೊಂದ ಸಿಗೆಮುಂಡ್‌ನನ್ನು ಎಲ್ಲೆಡೆ ಖ್ಯಾತನಾದ ‘ವ್ರೆಚ್ಚ’ನೆಂದು ಹೊಗಳಲಾಗಿದೆ. ಫಿನ್ಸ್‌ಬರ್ಗ್ ಕಾಳಗದ ಕಾವ್ಯಖಂಡದಲ್ಲಿ ಬಾಗಿಲು ಕಾಯುವ ಯೋಧನೊಬ್ಬ ತನ್ನನ್ನು ಇದೇ ಪದದಿಂದ ಹೆಮ್ಮೆಯಿಂದ ಪರಿಚಯಿಸಿಕೊಳ್ಳುತ್ತಾನೆ. ಅದೇ ಕಾಳಗದ ಕಥೆ ‘ಬೇವುಲ್ಫ್’ನಲ್ಲಿಯೂ ಬರುತ್ತದೆ. ಅಲ್ಲಿ ಒಡೆಯನನ್ನು ಕಳೆದುಕೊಂಡ ಹೆಂಗೆಸ್ಟ್ ಪರರ ನೆಲದಲ್ಲಿ ಚಳಿಗಾಲ ಕಳೆದು, ವಸಂತ ಬಂದಾಗ ಊರಿನ ದಾರಿಗಿಂತ ಸೇಡನ್ನೇ ಹೆಚ್ಚು ನೆನೆಯುತ್ತಾನೆ. ಆ ಸಂದರ್ಭದಲ್ಲಿಯೇ ಕವಿ ಅವನನ್ನು ‘ವ್ರೆಚ್ಚ’ ಎನ್ನುತ್ತಾನೆ. ಧಾತುವಿನಲ್ಲಿರುವ ಉಚ್ಚಾಟನೆ ಮತ್ತು ಪ್ರತೀಕಾರಗಳೆರಡೂ ಇಲ್ಲಿ ಒಬ್ಬನೇ ವ್ಯಕ್ತಿಯಲ್ಲಿ ಕೂಡಿಕೊಂಡಿರುವುದು ಗಮನಾರ್ಹ.

ಹತ್ತನೆಯ ಶತಮಾನದ ಎಕ್ಸೆಟರ್ ಹಸ್ತಪ್ರತಿಯಲ್ಲಿ, ಸಂಪಾದಕರು ‘ಪತ್ನಿಯ ಪ್ರಲಾಪ’ ಎಂದು ಹೆಸರಿಟ್ಟ ಕವಿತೆಯಲ್ಲಿ ಚಿತ್ರ ಬೇರೆಯೇ ಆಗುತ್ತದೆ. ಅಲ್ಲಿ ಮಾತನಾಡುವವಳು ಸ್ತ್ರೀ ಎಂಬುದನ್ನು ಆರಂಭದ ವ್ಯಾಕರಣರೂಪಗಳೇ ಸೂಚಿಸುತ್ತವೆ. ತನ್ನವರಿಲ್ಲದ ‘ವ್ರೆಚ್ಚ’ ತಾನೆಂದು ಹೇಳಿಕೊಳ್ಳುವ ಆಕೆಗೆ ಓಕ್ ಮರದಡಿಯ ಮಣ್ಣಿನ ಗುಹೆಯೇ ಗತಿ. ಗಂಡಸಿಗೆ ಕತ್ತಿ ಇತ್ತು, ಆಶ್ರಯ ನೀಡುವ ಇನ್ನೊಬ್ಬ ಒಡೆಯನ ಸಭೆಯಿತ್ತು, ಕೀರ್ತಿ ಹಾಡುವ ಗಾಯಕನಿದ್ದ. ಈಕೆಗೆ ಇವು ಯಾವುವೂ ಇಲ್ಲ. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಬೇಕು. ಆದ್ದರಿಂದ ಪದದ ಏಳುಬೀಳು ಬಹಿಷ್ಕೃತರ ಗುಣದ ಮೇಲಲ್ಲ, ಅವರಿಗೆ ದೊರೆತ ಅಥವಾ ದೊರೆಯದ ಆಶ್ರಯದ ಮೇಲೆ ನಿಂತಿದೆ ಎನ್ನಬಹುದು.

ಜರ್ಮನ್ ಭಾಷೆಯಲ್ಲಿ ‘ದುರವಸ್ಥೆ’ ಎಂಬ ಅರ್ಥದ ‘ಏಲೆಂಡ್’ ಪದವೂ ಇದನ್ನು ಸಮರ್ಥಿಸುತ್ತದೆ. ಅದರ ಪ್ರಾಚೀನ ರೂಪದ ಅರ್ಥ ‘ಅನ್ಯ ನಾಡು’ ಎಂದಷ್ಟೇ. ಕನ್ನಡದ ‘ಪರದೇಶಿ’ ಪದವೂ ‘ಬೇರೆ ದೇಶದವನು’ ಎಂಬುದರಿಂದ ‘ದಿಕ್ಕಿಲ್ಲದವನು’ ಎಂಬ ಅರ್ಥಕ್ಕೆ ಬಂದಿದೆ. ಇವು ಪರಸ್ಪರ ಸಂಬಂಧವಿಲ್ಲದ ಭಾಷೆಗಳು. ಆದರೂ ನೆಲ ತಪ್ಪಿದವನು ಬಾಳು ತಪ್ಪಿದವನೆಂಬ ತಿಳಿವಳಿಕೆ ಎರಡರಲ್ಲಿಯೂ ಸಮಾನವಾಗಿದೆ.

ಇಂಗ್ಲಿಷ್ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ಕ್ಯಾಂಡಿನೇವಿಯನ್ ಮೂಲದಿಂದ ಬಂದ ‘ಔಟ್‌ಲಾ’ ಕಾನೂನಿನ ಪರಿಭಾಷೆಯಾಗಿ ನೆಲೆಗೊಂಡಿತು. ‘ರೆಚ್’ನಲ್ಲಿ ಹೊರಗಟ್ಟಿದ ಕ್ರಿಯೆಯ ನೆನಪು ಅಳಿದು, ಹೊರಗಟ್ಟಲ್ಪಟ್ಟವನ ದೈನ್ಯವೂ ದೋಷವೂ ಮಾತ್ರ ಉಳಿದವು. ಕಳಂಕ ಕೊಟ್ಟ ಕೈ ಮರೆಯಾಗಿ, ಕಳಂಕವೇ ಹೊತ್ತವನ ಸ್ವಭಾವವೆನಿಸಿತು. ಬಹಿಷ್ಕಾರಸೂಚಕ ಪದಗಳನ್ನು ಸಂಗ್ರಹಿಸುವ ಸಂಶೋಧಕರು ಅರ್ಥದೊಂದಿಗೆ, ಆ ಪದವನ್ನು ಯಾರು ಯಾರಿಗೆ ಬಳಸಿದರೆಂಬುದನ್ನೂ ದಾಖಲಿಸಬೇಕಾದುದು ಈ ಕಾರಣಕ್ಕೆ.