ಇಂಗ್ಲಿಷು ಅಧ್ಯಾಪಕನ ಅಧಿಕಾರ: ಶಿಕ್ಷಣಾರ್ಥಿಗಳ ಭಾವನೆಯ ವಿಮರ್ಶೆ

ಕಾಳಿದಾಸನ ಮಾಲವಿಕಾಗ್ನಿಮಿತ್ರದ ಪ್ರಥಮಾಂಕದಲ್ಲಿ ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂಬ ಕಲಹದೊಡನೆ ರಾಜಸನ್ನಿಧಿಗೆ ಬರುತ್ತಾರೆ. ನಿರ್ಣಯಿಸತಕ್ಕ ಪರಿವ್ರಾಜಿಕೆಯು, ವಿದ್ಯೆಯು ತನ್ನಲ್ಲಿರುವುದು ಬೇರೆ, ಅದನ್ನು ಅನ್ಯರಲ್ಲಿ ನೆಲೆಗೊಳಿಸುವುದು ಬೇರೆ ಎಂದು ವಿವೇಚಿಸಿ, ಎರಡೂ ಉಳ್ಳವನಿಗೆ ಅಗ್ರಸ್ಥಾನವನ್ನು ಕೊಡುತ್ತಾಳೆ. ಪರೀಕ್ಷೆಗೆ ಮಾತ್ರ ಶಿಷ್ಯರ ಪ್ರಯೋಗವೇ ಆಗಬೇಕೆನ್ನುತ್ತಾಳೆ.

ನಮ್ಮ ನಾಡಿನಲ್ಲಿ ಇಂಗ್ಲಿಷು ಬೋಧನೆಗೆ ಸಿದ್ಧರಾಗುತ್ತಿರುವ ಶಿಕ್ಷಣಾರ್ಥಿಗಳಲ್ಲಿ ಅನೇಕರು ತಮ್ಮ ಮುಂದಿನ ವೃತ್ತಿಯನ್ನು ಭಾವಿಸುವಾಗ ಈ ವಿವೇಕವನ್ನು ಕಾಣರು. ಇಂಗ್ಲೆಂಡಿನವನಂತೆ ಉಚ್ಚರಿಸಬೇಕು, ತರಗತಿಯಲ್ಲಿ ಕನ್ನಡವು ಬಾಯಿಂದ ಜಾರಬಾರದು, ಇದೇ ಅವರ ಆದರ್ಶ. ಅದು ಕೈಗೂಡದವನಿಗೆ ವೃತ್ತಿಯ ಹೊಸ್ತಿಲಿನಲ್ಲಿಯೇ ಸಂಕೋಚ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ನಡೆದ ಸಮ್ಮೇಳನದಿಂದ ಬಲಗೊಂಡ ಈ ನಂಬಿಕೆಯನ್ನು ರಾಬರ್ಟ್ ಫಿಲಿಪ್ಸನ್ನರು 1992ರ ತಮ್ಮ ಗ್ರಂಥದಲ್ಲಿ ಭ್ರಾಂತಿಯೆಂದೇ ಕರೆದರು. ಹಂಗೆರಿಯ ಪೀಟರ್ ಮೆಡ್ಯೆಶ್ಶರು 1994ರಲ್ಲಿ ಇನ್ನೂ ಸಮೀಪಕ್ಕೆ ಬಂದು, ಪರಭಾಷೆಯನ್ನು ತಾನೇ ಕಲಿತವನು ಕಲಿಯುವವನ ತೊಡಕನ್ನು ಮುಂದಾಗಿಯೇ ಅರಿಯಬಲ್ಲನೆಂದರು. ಅವನ ಭಾಷಾದೌರ್ಬಲ್ಯವನ್ನೂ ಮುಚ್ಚಿಡಲಿಲ್ಲ.

ಸಂಸ್ಕೃತ ಪಾಠಶಾಲೆಗಳಲ್ಲಿ ಈ ಸಂಕೋಚವೇ ಹುಟ್ಟಲಿಲ್ಲ. ಅಲ್ಲಿಯ ಗುರುವಿಗೂ ಆ ಭಾಷೆ ತೊಟ್ಟಿಲಿನದಲ್ಲ. ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯಗಳನ್ನು ಕನ್ನಡದಲ್ಲಿಯೇ ಬಿಡಿಸಿ ಹೇಳುತ್ತಿದ್ದವನ ಪಾಂಡಿತ್ಯಕ್ಕೆ ಅದರಿಂದ ಕುಂದು ಬಂದಿತೆಂದು ಯಾರೂ ಎಣಿಸಲಿಲ್ಲ.

ಕನ್ನಡದ ಮಗುವಿನ ತೊಡಕುಗಳನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟ. 'ಮೇಜಿನ ಮೇಲೆ' ಎಂಬಲ್ಲಿ ಸಂಬಂಧಸೂಚಕವು ನಾಮಪದದ ಬಳಿಕ ಬರುತ್ತದೆ, 'ಆನ್ ದ ಟೇಬಲ್' ಎಂಬಲ್ಲಿ ಮೊದಲೇ. ಕನ್ನಡದ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ತುದಿಯನ್ನು ಕಾಯುತ್ತದೆ, ಇಂಗ್ಲಿಷಿನದು ಕರ್ಮಕ್ಕಿಂತ ಮುಂಚೆ ನಿಲ್ಲುತ್ತದೆ. 'ಎ', 'ದ' ಎಂಬ ಪದಗಳಿಗೆ ಕನ್ನಡದಲ್ಲಿ ಸರಿಸಾಟಿಯಿಲ್ಲ. 'ಒಂದು', 'ಆ' ಎಂದು ಅರ್ಥ ಹೇಳಿದರೆ ಅರ್ಧಸತ್ಯ. ವ್ಯಂಜನಾಂತಕ್ಕೆ ಉಕಾರವನ್ನು ಸೇರಿಸಿ 'ಬಸ್ಸು', 'ಕಾರು' ಎನ್ನುವುದು ನುಡಿಯ ಜಾಯಮಾನ. ಅದಕ್ಕಾಗಿ ಮಗುವನ್ನು ಮಂದನೆಂದು ಗದರುವವನಿಗೆ ಕನ್ನಡವೂ ತಿಳಿಯದು. ಎರಡು ವ್ಯಾಕರಣಗಳ ನಡುವಿನ ಈ ಅಂತರವನ್ನು ಕನ್ನಡವರಿಯದ ಆಂಗ್ಲನು ತೋರಿಸಲಾರನು.

ಇಲ್ಲಿ ಒಂದು ಆಕ್ಷೇಪವುಂಟು. ವಾಕ್ಯವಾಕ್ಯಕ್ಕೂ ಕನ್ನಡಾರ್ಥವನ್ನು ಒಪ್ಪಿಸಿ, ಉತ್ತರಗಳನ್ನು ಬರೆಯಿಸಿ ಮುಗಿಸುವ ಅಧ್ಯಾಪಕನಿಗೆ ಈ ವಾದವು ಆಶ್ರಯವಾಗದೆ? ಆಗಬಹುದು. ಅಂಥವನ ಮಕ್ಕಳು ವರ್ಷಾಂತ್ಯದಲ್ಲಿಯೂ ಇಂಗ್ಲಿಷಿನಲ್ಲಿ ಸ್ವಂತದ ಒಂದು ವಾಕ್ಯವನ್ನು ಕಟ್ಟರು. ಅವನಲ್ಲಿ ಕೊರತೆಯಾದುದು ಪರಿವ್ರಾಜಿಕೆ ಹೇಳಿದ ಎರಡನೆಯ ಗುಣವೇ. ಆ ಕೊರತೆಯನ್ನು ಉಚ್ಚಾರಣೆಯ ಅಭ್ಯಾಸವು ತುಂಬಲಾರದು.