ಗೆರೆ ಬಿಟ್ಟು ಓಡುವ ಗರಗಸ

ಸಕಲೇಶಪುರ ಸೀಮೆಯ ಹೊಂಗಡಹಳ್ಳದಂಥ ಊರುಗಳ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ಬೆಳೆಸುವ ಸಿಲ್ವರ್ ಓಕ್, ಪೂರ್ವ ಆಸ್ಟ್ರೇಲಿಯಾದಿಂದ ಬಂದ ಮರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ಕಡಿತಲೆಯ ಅನುಮತಿಯಿಂದ ವಿನಾಯಿತಿ ಕೊಟ್ಟ ಜಾತಿಗಳಲ್ಲಿ ಅದೂ ಒಂದಾದ್ದರಿಂದ, ಅದರ ದಿಮ್ಮಿಗಳು ಸಾಮಿಲ್ಲಿಗೆ ಸಲೀಸಾಗಿ ಬರುತ್ತವೆ. ಅವನ್ನು ಹಲಗೆ ಮಾಡುವಾಗ ಬ್ಯಾಂಡ್ ಸಾ, ಅಂದರೆ ಎರಡು ಚಕ್ರಗಳ ಮೇಲೆ ಸುತ್ತುವ ಉಕ್ಕಿನ ಪಟ್ಟಿಯ ಗರಗಸ, ಹಾಕಿದ ಗೆರೆ ಬಿಟ್ಟು ಒಂದು ಪಕ್ಕಕ್ಕೆ ಎಳೆಯತೊಡಗಿದರೆ ಮರದ ಮೇಲೆ ತಪ್ಪು ಹೊರಿಸುವುದು ರೂಢಿ; ದೋಷ ಇರುವುದು ಬಹುಮಟ್ಟಿಗೆ ಹಲ್ಲಿನಲ್ಲಿ.

ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಎಂಬಂತೆ ತುಸು ಬಾಗಿಸಿರುತ್ತಾರೆ. ಸೆಟ್ ಎನ್ನುವ ಈ ಬಾಗಿನಿಂದ ಸೀಳು ಪಟ್ಟಿಯ ದಪ್ಪಕ್ಕಿಂತ ಅಗಲವಾಗಿ, ಪಟ್ಟಿ ಸಿಕ್ಕಿಕೊಳ್ಳದೆ ಓಡುತ್ತದೆ. ಒಂದು ಪಕ್ಕದ ಹಲ್ಲುಗಳು ಮೊಂಡಾದರೆ ಅಥವಾ ಅವುಗಳ ಬಾಗು ಕುಗ್ಗಿದರೆ, ಎದುರು ಪಕ್ಕದವು ಹೆಚ್ಚು ಮರ ತಿಂದು ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ತೋಟದಂಚಿನ ಮರದಲ್ಲಿ ಇದಕ್ಕೊಂದು ವಿಶೇಷ ಕಾರಣವುಂಟು: ಮುಳ್ಳುತಂತಿ ಬಿಗಿಯಲು ಹೊಡೆದ ಮೊಳೆಯನ್ನು ಮರವು ಬೆಳೆಯುತ್ತ ಒಳಗೆ ನುಂಗಿ, ತೊಗಟೆಯ ಮೇಲೆ ಸಣ್ಣ ಉಬ್ಬನ್ನಷ್ಟೇ ಉಳಿಸಿರುತ್ತದೆ; ಗರಗಸ ಆ ಮೊಳೆಯನ್ನು ಪಕ್ಕದಿಂದ ಸವರಿಕೊಂಡು ಹೋದರೂ ಸಾಕು, ಆ ಬದಿಯ ಹಲ್ಲುಗಳ ಮೊನೆ ಹೋಗುತ್ತದೆ.

ಉದ್ದಕ್ಕೂ ಒಂದೇ ಕೋನದಲ್ಲಿ ವಾಲುವ ಕೊಯ್ತ ಬೇರೆ, ಹಲಗೆಯ ಮುಖ ನಡುವೆ ಹೊಟ್ಟೆ ಬಿಡುವುದು ಬೇರೆ. ಎರಡನೆಯದು ಪಟ್ಟಿ ಸಡಿಲವಾಗಿರುವುದರಿಂದ ಅಥವಾ ದಿಮ್ಮಿಯನ್ನು ಅವಸರದಿಂದ ನೂಕುವುದರಿಂದ ಆಗುತ್ತದೆ. ಹಸಿ ಮರದ ಒದ್ದೆ ಪುಡಿ ಹಲ್ಲುಗಳ ಸಂದು ತುಂಬಿಕೊಂಡಾಗ ಪಟ್ಟಿಗೆ ಬಾಗುವುದಲ್ಲದೆ ದಾರಿಯಿರುವುದಿಲ್ಲ. ಇಲ್ಲಿ ಎಷ್ಟು ಅರ ಹಾಕಿದರೂ ಪ್ರಯೋಜನವಿಲ್ಲ; ಪಟ್ಟಿಯ ಬಿಗಿ ಹೆಚ್ಚಿಸಿ, ದಿಮ್ಮಿ ನೂಕುವ ವೇಗ ತಗ್ಗಿಸಬೇಕು.

ಇನ್ನು ಒಂದೇ ಕಡೆಗೆ ವಾಲುವ ಕೊಯ್ತಕ್ಕೆ, ಬಡಗಿಗಳ ಸಣ್ಣ ಯಂತ್ರದಲ್ಲಿ ಹಲಗೆಗೆ ಆನಿಕೆಯಾಗುವ ಅಡ್ಡಪಟ್ಟಿಯನ್ನೇ ಎಳೆತದ ಕೋನಕ್ಕೆ ತಿರುಗಿಸಿಟ್ಟು ಕೆಲಸ ಸಾಗಿಸುವುದುಂಟು. ಆದರೆ ಮೊನೆ ಸವೆದಂತೆಲ್ಲ ಆ ಕೋನವೂ ಬದಲಾಗುವುದರಿಂದ ಇದು ಅಂದಿನ ಕೆಲಸಕ್ಕಷ್ಟೇ ಸಲ್ಲುವ ಉಪಾಯ. ದಿಮ್ಮಿಯನ್ನು ಹಳಿಯ ಮೇಲಿನ ಟ್ರಾಲಿಯಲ್ಲಿ ಸಾಗಿಸುವ ಸಾಮಿಲ್ಲಿನಲ್ಲಂತೂ ಅದಕ್ಕೆ ಅವಕಾಶವೇ ಇಲ್ಲ. ಪಟ್ಟಿಯನ್ನು ಬಿಚ್ಚಿ, ಎರಡೂ ಬದಿಯ ಹಲ್ಲುಗಳಿಗೆ ಸಮನಾಗಿ ಅರ ಹಾಕಿ, ಬಾಗನ್ನು ಗೇಜಿನಿಂದ ಅಳೆದು ಸರಿಗೊಳಿಸುವುದೇ ನಿಜವಾದ ದುರಸ್ತಿ. ಹಲ್ಲುಗಳು ಚೂಪಾಗಿಯೇ ಇದ್ದು ಎಳೆತ ಅಲ್ಪವಾಗಿದ್ದರೆ, ಯಾವ ಕಡೆಗೆ ವಾಲುವುದೋ ಆ ಬದಿಯ ಹಲ್ಲುಗಳ ಹೊರಮೈಗೆ ನುಣುಪಾದ ಸಾಣೆಕಲ್ಲನ್ನು ಹಗುರವಾಗಿ ಆಡಿಸಿ, ಒಂದು ಹಲಗೆ ಕೊಯ್ದು ನೋಡಿ, ಬೇಕಿದ್ದರೆ ಮತ್ತೊಮ್ಮೆ ಆಡಿಸಬೇಕು. ಬಲವಾಗಿ ಉಜ್ಜಿದರೆ ಪಟ್ಟಿ ಎದುರು ಪಕ್ಕಕ್ಕೆ ವಾಲತೊಡಗುತ್ತದೆ.