ಹಳಹಳಿಕೆಯೂ ಸ್ಮರಣೆಯೂ

ಎಂದೋ ನೋಡಿ ಮೆಚ್ಚಿದ ಧಾರಾವಾಹಿಯೊಂದು ಮತ್ತೆ ಬರಲಿದೆ ಎಂಬ ಪ್ರಕಟಣೆಯನ್ನು ಕಂಡಾಗ ಮನಸ್ಸು ತಾನಾಗಿಯೇ ಅರಳುತ್ತದೆ. ಅದೇ ಶೀರ್ಷಿಕೆ ಗೀತೆ, ಅದೇ ಮನೆ, ತುಸು ವಯಸ್ಸಾದ ಅದೇ ಮುಖಗಳು! ಮನರಂಜನಾ ಉದ್ಯಮವು ಈ ಸಂತೋಷವನ್ನು ಚೆನ್ನಾಗಿ ಅರಿತಿದೆ. ಹೊಸ ಕಥೆಯನ್ನು ಹುಡುಕುವುದಕ್ಕಿಂತ ಹಳೆಯ ಹೆಸರನ್ನು ಮರಳಿ ತರುವುದೇ ಅದಕ್ಕೆ ಈಗ ಕ್ಷೇಮವಾಗಿ ತೋರುತ್ತಿದೆ. ಹಾಗಾದರೆ ಈ ಮರುಸೃಷ್ಟಿಗಳು ನಮಗೆ ಕೊಡುವುದೇನು? ನಮ್ಮಿಂದ ಕಸಿದುಕೊಳ್ಳುವುದೇನು? ಈ ಪದ್ಧತಿ ಬಹುವಾಗಿ ಬೆಳೆದಿರುವ ಅಮೆರಿಕದ ಎರಡು ಧಾರಾವಾಹಿಗಳನ್ನು ಮೊದಲು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಆಮೇಲೆ ನಮ್ಮ ಮನೆಗಳತ್ತ ಬರೋಣ.

ಕನ್ನಡಿಯೊಳಗಿನ ಮನೆ

‘ಫುಲ್ ಹೌಸ್’ ಎಂಬ ಹಾಸ್ಯ ಧಾರಾವಾಹಿ 1987ರಿಂದ 1995ರವರೆಗೆ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹೆಂಡತಿಯನ್ನು ಕಳೆದುಕೊಂಡ ಡ್ಯಾನಿ ಎಂಬಾತನು ತನ್ನ ಮೂವರು ಹೆಣ್ಣುಮಕ್ಕಳನ್ನು ಭಾವಮೈದುನ ಹಾಗೂ ಗೆಳೆಯನ ನೆರವಿನಿಂದ ಬೆಳೆಸುವುದು ಅದರ ಕಥೆ. ಕಥೆ ಸರಳವಾದರೂ ಅದಕ್ಕೊಂದು ಗಾಯವಿತ್ತು. ತಾಯಿಯಿಲ್ಲದ ಮನೆಯನ್ನು ಮೂವರು ಗಂಡಸರು ತಡವರಿಸುತ್ತಾ, ಎಡವುತ್ತಾ ಮನೆಯಾಗಿ ಉಳಿಸಿಕೊಳ್ಳುತ್ತಿದ್ದರು.

2016ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ಇದನ್ನು ‘ಫುಲ್ಲರ್ ಹೌಸ್’ ಎಂಬ ಹೆಸರಿನಲ್ಲಿ ಮರಳಿ ತಂದಿತು. ಈ ಬಾರಿ ವಿಧವೆಯಾಗಿರುವುದು ಹಿರಿಯ ಮಗಳು ಡಿ.ಜೆ. ಆಕೆಗೆ ಮೂವರು ಗಂಡುಮಕ್ಕಳು. ನೆರವಿಗೆ ಬರುವವರು ತಂಗಿ ಮತ್ತು ಗೆಳತಿ. ಮನೆ ಅದೇ. ಹಳೆಯ ಕಥೆಯನ್ನೇ ಕನ್ನಡಿಯಲ್ಲಿ ತೋರಿಸಿದಂತೆ ಎಲ್ಲವೂ ಎಡಬಲ ಬದಲಾಗಿದೆ, ಅಷ್ಟೆ. ಮೊದಲ ಕಂತಿನಲ್ಲಿ ಅಳುವ ಮಗುವನ್ನು ಸಂತೈಸಲು ಮನೆಮಂದಿಯೆಲ್ಲ ಹಾಡುವಾಗ ಪರದೆ ಎರಡಾಗಿ, ಒಂದು ಬದಿಯಲ್ಲಿ ಹಿಂದಿನ ಧಾರಾವಾಹಿಯ ಅದೇ ದೃಶ್ಯ ಕಾಣಿಸುತ್ತದೆ.

ಅದೇ ಕಂತಿನ ಇನ್ನೊಂದು ಕ್ಷಣ ಗಮನಾರ್ಹ. ಕಿರಿಯ ಮಗಳು ಮಿಶೆಲ್‌ಳ ಪಾತ್ರವನ್ನು ಸರದಿಯಂತೆ ನಿರ್ವಹಿಸಿದ್ದ ಅವಳಿ ಸೋದರಿಯರು ಮರಳಿ ಬರಲು ಒಪ್ಪಿರಲಿಲ್ಲ. ಆದ್ದರಿಂದ ಮಿಶೆಲ್ ನ್ಯೂಯಾರ್ಕಿನಲ್ಲಿ ತನ್ನ ಉಡುಪಿನ ಉದ್ಯಮದಲ್ಲಿ ಮಗ್ನಳಾಗಿದ್ದಾಳೆಂದು ಹೇಳಿಸಿ, ಪಾತ್ರಧಾರಿಗಳೆಲ್ಲರೂ ಕ್ಯಾಮೆರಾದತ್ತ ಮುಖ ತಿರುಗಿಸಿ ಸುಮ್ಮನೆ ನೋಡುವಂತೆ ಮಾಡಲಾಗಿದೆ. ನಗೆಯುಕ್ಕಿಸುವ ಕ್ಷಣವಿದು, ನಿಜ. ಆದರೆ ಇಡೀ ಧಾರಾವಾಹಿಯ ಸ್ವಭಾವವೇ ಇದರಲ್ಲಿ ಬಯಲಾಗುತ್ತದೆ. ಆ ಮನೆಯವರು ಒಬ್ಬರನ್ನೊಬ್ಬರು ನೋಡುತ್ತಿಲ್ಲ, ನಮ್ಮನ್ನು ನೋಡುತ್ತಿದ್ದಾರೆ. ‘ನಿಮಗೆ ನೆನಪಿದೆಯಲ್ಲವೇ?’ ಎಂದು ಕೇಳುತ್ತಿದ್ದಾರೆ. ಗಂಡನ ಸಾವು ಕಥೆಗೆ ಒಂದು ನೆಪವಾಯಿತೇ ಹೊರತು ಗಾಯವಾಗಲಿಲ್ಲ. ದುಃಖವಿಲ್ಲದ ಕಡೆ ಸಾಂತ್ವನಕ್ಕೂ ಅರ್ಥವಿಲ್ಲ.

ಹಳೆಯ ಕೊಡ, ಹೊಸ ನೀರು

ಇದಕ್ಕೆ ಬೇರೆಯಾದದ್ದು ‘ಒನ್ ಡೇ ಅಟ್ ಎ ಟೈಮ್’. 1975ರಿಂದ 1984ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಬಂದ ಮೂಲ ಧಾರಾವಾಹಿಯಲ್ಲಿ ಇಂಡಿಯಾನಾಪೊಲಿಸ್ ನಗರದ ವಿಚ್ಛೇದಿತ ತಾಯಿಯೊಬ್ಬಳು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಕಥೆಯಿತ್ತು. 2017ರಲ್ಲಿ ಅದು ನೆಟ್‌ಫ್ಲಿಕ್ಸ್‌ಗೆ ಮರಳಿದಾಗ, ಮೂಲದ ನಿರ್ಮಾಪಕ ನಾರ್ಮನ್ ಲಿಯರ್ ಅವರು ಹೊಸ ತಂಡದೊಂದಿಗೂ ಇದ್ದರು. ಆದರೆ ಮನೆ ಬದಲಾಗಿತ್ತು; ಈ ಬಾರಿ ಅದು ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ ಕ್ಯೂಬಾ ಮೂಲದ ಕಥೋಲಿಕ ಕುಟುಂಬ. ತಾಯಿ ಪೆನೆಲೊಪಿ ಸೇನೆಯಲ್ಲಿದ್ದು ಬಂದ ದಾದಿ. ಯುದ್ಧದ ನೆನಪುಗಳಿಂದಲೂ ಮನೋವೇದನೆಯಿಂದಲೂ ನರಳುವವಳು. ಜೊತೆಯಲ್ಲಿ ಇಬ್ಬರು ಮಕ್ಕಳು ಮತ್ತು ಅಜ್ಜಿ ಲಿಡಿಯಾ. ಆ ಅಜ್ಜಿಯ ಪಾತ್ರದಲ್ಲಿ ಹಿರಿಯ ನಟಿ ರೀಟಾ ಮೊರೆನೊ ಅವರದು ಮರೆಯಲಾಗದ ಅಭಿನಯ.

ಅಜ್ಜಿಯ ಹಿನ್ನೆಲೆಯು ನಮ್ಮ ಓದುಗರಿಗೆ ಆಸಕ್ತಿಯ ವಿಷಯ. 1960ರಿಂದ 1962ರ ನಡುವೆ ಕ್ಯೂಬಾದಿಂದ 14,000ಕ್ಕೂ ಹೆಚ್ಚು ಮಕ್ಕಳು ತಂದೆತಾಯಿಯರಿಲ್ಲದೆ ಒಂಟಿಯಾಗಿ ಅಮೆರಿಕಕ್ಕೆ ಬಂದರು. ‘ಪೆದ್ರೊ ಪಾನ್’ ಎಂದು ಹೆಸರಾದ ಆ ಕಾರ್ಯದಲ್ಲಿ ಮಯಾಮಿಯ ಕಥೋಲಿಕ ಸೇವಾಸಂಸ್ಥೆಯೂ ಅದರ ನಿರ್ದೇಶಕರಾಗಿದ್ದ ಫಾದರ್ ಬ್ರಯನ್ ವಾಲ್ಶ್ ಅವರೂ ಪ್ರಮುಖ ಪಾತ್ರ ವಹಿಸಿದ್ದರು. ಲಿಡಿಯಾ ಹಾಗೆ ಬಂದ ಮಕ್ಕಳಲ್ಲೊಬ್ಬಳು. ಅಕ್ಕನನ್ನು ಹಿಂದೆ ಬಿಟ್ಟು ಬಂದವಳು. ಆಕೆ ತನ್ನ ಹಳೆಯ ಕಥೆಯನ್ನು ಮೊಮ್ಮಕ್ಕಳ ಮುಂದೆ ಬಿಚ್ಚಿಟ್ಟಾಗ, ವಲಸೆ ಬಂದವರ ಸಂಕಟವು ಅವರಿಗೆ ತಮ್ಮದೇ ಮನೆಯ ಮಾತಾಗುತ್ತದೆ. ಇಲ್ಲಿ ಗತಕಾಲವು ಅಲಂಕಾರವಲ್ಲ. ಇಂದಿನವರ ಕಣ್ಣು ತೆರೆಸುವ ಸಾಧನ. ಈ ಧಾರಾವಾಹಿಯ ಎಲ್ಲ ನಿಲುವುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೂ ಹಳೆಯ ಕೊಡದಲ್ಲಿ ಹೊಸ ನೀರು ತುಂಬುವ ಪ್ರಾಮಾಣಿಕತೆ ಅದಕ್ಕಿತ್ತು ಎಂಬುದನ್ನು ಒಪ್ಪಲೇಬೇಕು.

ಇವೆರಡರ ಗತಿ ಏನಾಯಿತು? ಕಡಿಮೆ ಜನ ನೋಡುತ್ತಾರೆಂಬ ಕಾರಣವನ್ನು ಕೊಟ್ಟು ನೆಟ್‌ಫ್ಲಿಕ್ಸ್ ‘ಒನ್ ಡೇ ಅಟ್ ಎ ಟೈಮ್’ ಅನ್ನು 2019ರಲ್ಲಿ, ಮೂರು ಆವೃತ್ತಿಗಳ ನಂತರ ಕೈಬಿಟ್ಟಿತು. ಬೇರೊಂದು ವಾಹಿನಿಯಲ್ಲಿ ಮುಂದುವರಿದರೂ ಅದು 2020ರಲ್ಲಿ ನಿಂತುಹೋಯಿತು. ‘ಫುಲ್ಲರ್ ಹೌಸ್’ ಐದು ಆವೃತ್ತಿಗಳನ್ನು ಪೂರೈಸಿತು.

ಹೆಸರಿನ ಬೆಲೆ

ಇದಕ್ಕೆ ಉದ್ಯಮವನ್ನಷ್ಟೇ ದೂರಿದರೆ ಸಾಲದು. ಅದರ ಲೆಕ್ಕಾಚಾರವನ್ನೂ ತಿಳಿಯಬೇಕು. ಅಮೆರಿಕದಲ್ಲಿ 2022ನೇ ಇಸವಿಯೊಂದರಲ್ಲೇ 599 ಕಥಾಧಾರಾವಾಹಿಗಳು ಬಂದವೆಂದು ಎಫ್‌ಎಕ್ಸ್ ವಾಹಿನಿಯ ಗಣತಿ ಹೇಳಿತು. ಇಂತಹ ಸಂತೆಯಲ್ಲಿ ಹೊಸಬನ ಕೂಗು ಯಾರಿಗೂ ಕೇಳಿಸದು. ಪರಿಚಿತ ಹೆಸರಿಗಾದರೋ ಕೂಗುವ ಅಗತ್ಯವೇ ಇಲ್ಲ. ಆದ್ದರಿಂದಲೇ 2004ರಲ್ಲಿ ಮುಗಿದಿದ್ದ ‘ಫ್ರೆಂಡ್ಸ್’ ಧಾರಾವಾಹಿಯ ಐದು ವರ್ಷಗಳ ಪ್ರಸಾರದ ಹಕ್ಕಿಗೆ 42.5 ಕೋಟಿ ಡಾಲರ್, ‘ದಿ ಆಫೀಸ್’ಗೆ 50 ಕೋಟಿ ಡಾಲರ್ ಬೆಲೆಯೆಂದು 2019ರಲ್ಲಿ ವರದಿಯಾಯಿತು. ನೆನಪಿಗೂ ಬೆಲೆಪಟ್ಟಿ ಬಂದಿತು!

ಆದರೆ ಈ ಲೆಕ್ಕಾಚಾರವೂ ತಪ್ಪುವುದುಂಟು. 2019ರಲ್ಲಿ ಮುಗಿದಿದ್ದ ‘ಸೂಟ್ಸ್’ ಎಂಬ ವಕೀಲರ ಧಾರಾವಾಹಿಯನ್ನು 2023ರಲ್ಲಿ ಅಮೆರಿಕದ ಜನರು ಒಟ್ಟು 5,770 ಕೋಟಿ ನಿಮಿಷಗಳಷ್ಟು ಕಾಲ ನೋಡಿದರೆಂದು ನೀಲ್ಸನ್ ಸಂಸ್ಥೆ ಲೆಕ್ಕ ಹಾಕಿತು. ಅದನ್ನು ನಂಬಿ 2025ರ ಫೆಬ್ರವರಿಯಲ್ಲಿ ‘ಸೂಟ್ಸ್ ಎಲ್.ಎ.’ ಬಂದಿತು. ಮೇ ತಿಂಗಳಲ್ಲೇ ಅದನ್ನು ರದ್ದುಪಡಿಸಲಾಯಿತು. ಹೆಸರನ್ನು ಕೊಂಡರೂ ಪ್ರೀತಿಯನ್ನು ಕೊಳ್ಳಲಾಗಲಿಲ್ಲ.

ನಮ್ಮ ನಡುಮನೆ

ಈ ಗಾಳಿ ನಮ್ಮಲ್ಲೂ ಬೀಸಿದೆ. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬಂದ ರಾಮಾನಂದ ಸಾಗರರ ‘ರಾಮಾಯಣ’ವನ್ನು 2020ರ ಮಾರ್ಚ್ 28ರಿಂದ, ಲಾಕ್‌ಡೌನ್ ದಿನಗಳಲ್ಲಿ, ಮರುಪ್ರಸಾರ ಮಾಡಲಾಯಿತು. 1998ರಲ್ಲಿ ಕನ್ನಡಿಗರ ಮನಗೆದ್ದ ‘ಮಾಯಾಮೃಗ’ಕ್ಕೆ 2022ರಲ್ಲಿ ಟಿ.ಎನ್. ಸೀತಾರಾಮ್ ಅವರು ‘ಮತ್ತೆ ಮಾಯಾಮೃಗ’ ಎಂಬ ಮುಂದುವರಿಕೆಯನ್ನು ತಂದರು. 2000ದಿಂದ 2008ರವರೆಗೆ ನಡೆದ ಹಿಂದಿಯ ‘ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ’ 2025ರ ಜುಲೈ 29ರಂದು ಅದೇ ನಾಯಕಿಯೊಂದಿಗೆ, ಅದೇ ರಾತ್ರಿ ಹತ್ತೂವರೆಯ ವೇಳೆಗೆ ಮರಳಿ ಬಂದಿತು.

ಇವುಗಳನ್ನು ನೋಡಿ ಸಂತೋಷಪಡುವುದು ತಪ್ಪೇನಲ್ಲ. ಭಯವೇ ಆವರಿಸಿದ್ದ ಲಾಕ್‌ಡೌನ್ ದಿನಗಳಲ್ಲಿ ಪರಿಚಿತ ಕಥೆಯೊಂದು ಎಷ್ಟೋ ಹಿರಿಯರಿಗೆ ಆಸರೆಯಾಯಿತು. ಆದರೂ ಒಂದು ಮಾತನ್ನು ವಿಚಾರಿಸಿ ನೋಡಿ. ಆ ಹಳೆಯ ಧಾರಾವಾಹಿಯನ್ನು ನೆನೆದಾಗ ನಮ್ಮ ಕಣ್ಮುಂದೆ ಮೊದಲು ಬರುವುದು ಪರದೆಯೋ, ಅದರ ಮುಂದೆ ಕುಳಿತವರೋ? ಬೀದಿಗೊಂದೋ ಎರಡೋ ಟಿ.ವಿ. ಇದ್ದ ಕಾಲದಲ್ಲಿ ನೆರೆಹೊರೆಯವರು ಒಂದೇ ನಡುಮನೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಕರೆಂಟು ಹೋದರೆ ಎಲ್ಲರೂ ಒಟ್ಟಿಗೆ ನಿಟ್ಟುಸಿರಿಡುತ್ತಿದ್ದರು. ಕಥೆ ಮುಗಿದ ಮೇಲೆ ಮಾತು ಮುಗಿಯುತ್ತಿರಲಿಲ್ಲ. ನಾವು ಕಳೆದುಕೊಂಡಿರುವುದು ಆ ಧಾರಾವಾಹಿಯನ್ನಲ್ಲ, ಆ ಚಾಪೆಯನ್ನು. ಉದ್ಯಮವು ಧಾರಾವಾಹಿಯನ್ನು ಮರಳಿ ಕೊಡಬಲ್ಲದು, ಚಾಪೆಯನ್ನು ಕೊಡಲಾರದು. ತಾಯಿ ನಡುಮನೆಯಲ್ಲಿ ಹಳೆಯ ಧಾರಾವಾಹಿಯ ಹೊಸ ಕಂತನ್ನು ನೋಡುತ್ತಿರುವಾಗ, ಮಗ ಒಳಕೋಣೆಯಲ್ಲಿ ಮೊಬೈಲ್ ಹಿಡಿದು ಬೇರೇನನ್ನೋ ನೋಡುತ್ತಿರುತ್ತಾನೆ. ಒಂದೇ ಸೂರಿನಡಿ ಇಬ್ಬರೂ ಒಂಟಿ.

ಮರುಭೂಮಿಯ ಪಾಠ

ಹಳೆಯದಕ್ಕಾಗಿ ಹಂಬಲಿಸುವುದನ್ನು ಕನ್ನಡದಲ್ಲಿ ಹಳಹಳಿಕೆ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕಿರುವ ‘ನೊಸ್ಟಾಲ್ಜಿಯಾ’ ಎಂಬ ಪದವು ಮೊದಲಿಗೆ ಒಂದು ಕಾಯಿಲೆಯ ಹೆಸರಾಗಿತ್ತು. 1688ರಲ್ಲಿ ಬಾಸೆಲ್ ನಗರದ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿಯು ಮನೆಯಿಂದ ದೂರವಿದ್ದು ಕೊರಗುವವರ ಬೇನೆಗೆ, ‘ಮರಳುವಿಕೆ’ ಮತ್ತು ‘ನೋವು’ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಈ ಹೆಸರಿಟ್ಟನು.

ಪವಿತ್ರ ಗ್ರಂಥವು ಈ ಬೇನೆಯನ್ನು ಅದಕ್ಕೂ ಬಹು ಹಿಂದೆಯೇ ಬಲ್ಲದು. ಸಂಖ್ಯಾಕಾಂಡದ 11ನೇ ಅಧ್ಯಾಯವನ್ನು ತೆರೆದು ನೋಡಿ. ಮರುಭೂಮಿಯಲ್ಲಿ ನಡೆದು ಬೇಸತ್ತ ಇಸ್ರಯೇಲರು ಈಜಿಪ್ಟಿನ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅಳುತ್ತಾರೆ. ಬೆಳ್ಳುಳ್ಳಿಯ ರುಚಿ ನೆನಪಿದೆ. ಬೆನ್ನ ಮೇಲೆ ಬಿದ್ದ ಚಾವಟಿಯ ಪೆಟ್ಟು ನೆನಪಿಲ್ಲ. ಹಳಹಳಿಕೆಯ ಗುಣವೇ ಇದು. ಅದು ಗತಕಾಲವನ್ನು ಸೋಸಿ, ಸಿಹಿಯನ್ನಷ್ಟೇ ಉಳಿಸುತ್ತದೆ. ನಡೆಯಬೇಕಾದ ದಾರಿಯನ್ನು ಮರೆಸುತ್ತದೆ.

ಅದೇ ಜನರಿಗೆ ದೇವರು ಸ್ಮರಣೆಯನ್ನು ಬೇರೆ ರೀತಿಯಲ್ಲಿ ಕಲಿಸಿದರು. ಪಾಸ್ಕ ಭೋಜನದಲ್ಲಿ ಕಹಿಸೊಪ್ಪನ್ನೂ ತಿನ್ನಬೇಕು. ಈ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳಿದಾಗ ಬಿಡುಗಡೆಯ ಕಥೆಯನ್ನು ಹೇಳಬೇಕು. ಮನ್ನಾದ ಪ್ರಸಂಗವೂ ಇಂಥದೇ. ಮರುದಿನಕ್ಕೆಂದು ಕೂಡಿಟ್ಟವರ ಮನ್ನಾ ಹುಳುಬಿದ್ದು ನಾರಿತು. ಆದರೆ ಮುಂದಿನ ಪೀಳಿಗೆಗಳು ಕಾಣಲೆಂದು ಒಂದು ಪಾತ್ರೆಯಲ್ಲಿ ತೆಗೆದಿಟ್ಟ ಮನ್ನಾ ಉಳಿಯಿತು. ತನಗಾಗಿ ಕೂಡಿಟ್ಟದ್ದು ಕೊಳೆಯಿತು. ಮಕ್ಕಳಿಗಾಗಿ ಇಟ್ಟದ್ದು ಸಾಕ್ಷಿಯಾಯಿತು. ಹಳಹಳಿಕೆಗೂ ಸ್ಮರಣೆಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಪ್ರಭು ಯೇಸುವೂ ಕಡೆಯ ಭೋಜನದಲ್ಲಿ ರೊಟ್ಟಿಯನ್ನು ಮುರಿದು ಕೊಟ್ಟು, ತಮ್ಮ ಸ್ಮರಣೆಗಾಗಿ ಹೀಗೆಯೇ ಮಾಡುವಂತೆ ಆಜ್ಞಾಪಿಸಿದರು. ಪ್ರತಿ ಬಲಿಪೂಜೆಯಲ್ಲೂ ನಾವು ಆ ಆಜ್ಞೆಯನ್ನು ಪಾಲಿಸುತ್ತೇವೆ. ಆದರೆ ಯಾವ ಬಲಿಪೂಜೆಯೂ ನಮ್ಮನ್ನು ಮೇಲಂತಸ್ತಿನ ಆ ಕೊಠಡಿಯಲ್ಲೇ ಕೂರಿಸಿಬಿಡುವುದಿಲ್ಲ. ಕೊನೆಯಲ್ಲಿ ನಮ್ಮನ್ನು ಲೋಕಕ್ಕೆ ಕಳುಹಿಸಿಕೊಡುತ್ತದೆ. ಜಗದ್ಗುರು ಫ್ರಾನ್ಸಿಸ್‌ರವರು 2020ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶಕ್ಕೆ ವಿಮೋಚನಕಾಂಡದಿಂದಲೇ ವಿಷಯವನ್ನು ಆರಿಸಿಕೊಂಡು, ಮಕ್ಕಳಿಗೂ ಮೊಮ್ಮಕ್ಕಳಿಗೂ ಕಥೆ ಹೇಳುವುದರ ಮಹತ್ವವನ್ನು ಸಭೆಗೆ ನೆನಪಿಸಿದ್ದರು.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲೂ ಧರ್ಮಕೇಂದ್ರಗಳಲ್ಲೂ ‘ನಮ್ಮ ಕಾಲವೇ ಚೆನ್ನಾಗಿತ್ತು’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಕಾಲದ ಕುಟುಂಬ ಜಪಸರ, ಆ ಕಾಲದ ಕ್ರಿಸ್ತಜಯಂತಿ, ಆ ಕಾಲದ ಗಾಯನವೃಂದ ಎಂದು ಹಂಬಲಿಸುತ್ತೇವೆ. ಹಂಬಲಿಸಿ ಸುಮ್ಮನಾದರೆ ನಾವೂ ಈಜಿಪ್ಟಿನ ಬೆಳ್ಳುಳ್ಳಿಗಾಗಿ ಅತ್ತವರೇ. ಅದರ ಬದಲು ಮುಂದಿನ ಬಾರಿ ಹಳೆಯ ಧಾರಾವಾಹಿಯೊಂದು ಮರಳಿ ಬಂದಾಗ, ಅದನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿ. ಮುಗಿದ ಮೇಲೆ ಟಿ.ವಿ.ಯನ್ನು ಆರಿಸಿ, ಆ ದಿನಗಳಲ್ಲಿ ಮನೆ ಹೇಗಿತ್ತೆಂದು ಅಜ್ಜಿಯನ್ನೋ ತಾತನನ್ನೋ ಕೇಳಿ. ರೇಷನ್ ಅಂಗಡಿಯ ಸಾಲು, ತೀರದ ಸಾಲ, ಕೂಡಿ ಬಾರದ ಮದುವೆ, ಆಗ ಹಿಡಿದು ನಿಲ್ಲಿಸಿದ ಪ್ರಾರ್ಥನೆ — ಸಿಹಿಯೊಂದಿಗೆ ಕಹಿಸೊಪ್ಪನ್ನೂ ಅವರು ಬಡಿಸಲಿ. ಮಕ್ಕಳು ಪ್ರಶ್ನೆ ಕೇಳಲಿ. ಯಾವ ವಾಹಿನಿಯೂ ಮರುಸೃಷ್ಟಿಸಲಾಗದ ಕಥೆ ಅದು. ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಅದನ್ನು ಕೇಳಿಸಿಕೊಳ್ಳೋಣ.